ಕನಸಿನಾಗ ಎಚ್ಚರ

ಕನಸು ಕಾಣುವ ವಿಷಯದಲ್ಲಿ ನನ್ನನ್ನು ಯಾರೂ ಹಗುರಾಗಿ ತಿಳಿಯಬಾರದು. ಹುಮನಾಬಾದಿನಲ್ಲಿ ಹುಡುಗನಾಗಿದ್ದಾಗ ನಾನು ಈ ವಿದ್ಯೆಯಲ್ಲಿ ಪಳಗಿದ ಕೈ. ಬೇರೆಯವರಿಗೆ ಕನಸು ಸುಮ್ಮನೆ ಬೀಳುತ್ತಿದ್ದವು. ನಾನು ಕನಸಿನೊಳಗೇ ಎಚ್ಚರಾಗಿ, "ಓಹೋ, ಇದು ಕನಸು!" ಎಂದು ಗುರುತು ಹಿಡಿಯುತ್ತಿದ್ದೆ. ಒಮ್ಮೆ ಗುರುತು ಹಿಡಿದೆನೋ, ಅಲ್ಲಿಂದ ಮುಂದೆ ರಾಜ್ಯಭಾರ ನನ್ನದು. ಗಣಿತದ ಮಾಸ್ತರರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಅಂಗಡಿಯ ಬರಣಿಯಿಂದ ಬೇಕಾದಷ್ಟು ಪೇಡೆ ತೆಗೆದುಕೊಂಡು, ಎರಡೂ ಕೈ ಚಾಚಿ ಊರ ಮೇಲೆ ಹಾರುತ್ತಿದ್ದೆ. ಕೆಳಗೆ ನಮ್ಮವ್ವ "ಇಳಿಯೋ ಮೂಳಾ!" ಎಂದು ಕೂಗುವುದೂ ಕೇಳಿಸುತ್ತಿತ್ತು.

ಆಮೇಲೆ ನೌಕರಿ ಬಂತು. ಹೈದರಾಬಾದಿನ ಕೇಂದ್ರ ಸರ್ಕಾರದ ಕಾರ್ಖಾನೆ, ಪಾಳಿ ಕೆಲಸ, ಲಗ್ನ, ಕಾಲೊನಿಯ ಕ್ವಾರ್ಟರ್ಸು. ಇವೆಲ್ಲದರ ನಡುವೆ ಕನಸು ಯಾವಾಗ ನಿಂತವೋ ಗೊತ್ತೇ ಆಗಲಿಲ್ಲ. ರಾತ್ರಿ ತಲೆ ಇಡುವುದು, ಬೆಳಿಗ್ಗೆ ಎತ್ತುವುದು. ನಡುವೆ ನಾನು ಇದ್ದೆ ಎಂಬುದಕ್ಕೆ ಪುರಾವೆಯೇ ಇಲ್ಲ.

"ಪುರಾವಾ ಯಾಕ ಇಲ್ಲ? ನಿಮ್ಮ ಗೊರಕಿ ಇಡೀ ಬಿಲ್ಡಿಂಗಿಗೆ ಕೇಳ್ತದ," ಎಂದಳು ನನ್ನ ಹೆಂಡತಿ ಕಸ್ತೂರಿ.

ಇಷ್ಟಕ್ಕೇ ಬಿಟ್ಟಿದ್ದರೆ ನಾನು ಮರ್ಯಾದೆಯಿಂದ ಬದುಕುತ್ತಿದ್ದೆ. ಬಿಡಗೊಡದವರು ಪಕ್ಕದ ಮನೆಯ ಸುಬ್ಬಾರಾಯರು. ಈ ಮಹಾನುಭಾವರಿಗೆ ದಿನಾ ಕನಸು! ಬೆಳಿಗ್ಗೆ ಹಲ್ಲುಜ್ಜುತ್ತ ಬಾಗಿಲಿಗೆ ಬಂದು, "ರಾತ್ರಿ ಒಕ ಅದ್ಭುತಮೈನ ಕಲ ವಚ್ಚಿಂದಂಡೀ!" ಎಂದು ಶುರು ಮಾಡಿದರೆ ನನ್ನ ಚಹಾ ಆರಿ ತಣ್ಣಗಾಗುವವರೆಗೆ ಅವರ ಅದ್ಭುತ ಕನಸು ಮುಗಿಯುತ್ತಿರಲಿಲ್ಲ. ಆನೆ, ಸಮುದ್ರ, ವಿಮಾನ, ತೀರಿಹೋದ ತಾತ, ಎಲ್ಲ ಒಂದೇ ಕನಸಿನಲ್ಲಿ. ಕೊನೆಗೆ "ಮೀಕು?" ಎಂದು ಕೇಳುವರು. ನನಗೆ? ನನಗೇನು ಮಣ್ಣು! ಒಂದು ಕಾಲಕ್ಕೆ ಹುಮನಾಬಾದಿನ ಮೇಲೆ ಹಾರಾಡಿದವನು ನಾನು, ಈಗ ಬಾಯಿ ಮುಚ್ಚಿಕೊಂಡು ಆನೆಯ ಕಥೆ ಕೇಳಬೇಕಾಯಿತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಆಗಲೇ ಒಂದು ಆದಿತ್ಯವಾರ ಅಬಿಡ್ಸಿನ ಫುಟ್‌ಪಾತಿನಲ್ಲಿ ಹಳೆ ಪುಸ್ತಕದ ರಾಶಿಯೊಳಗೆ ಒಂದು ಇಂಗ್ಲಿಷ್ ಪುಸ್ತಕ ಕಣ್ಣಿಗೆ ಬಿತ್ತು. ರಕ್ಷಾಪುಟ ಹರಿದಿತ್ತು, ಕರ್ತೃವಿನ ಹೆಸರು ಇಲಿ ತಿಂದಿತ್ತು. ವಿಷಯ ಮಾತ್ರ ಭದ್ರ: ಕನಸಿನೊಳಗೆ ಎಚ್ಚರಾಗುವುದು ಹೇಗೆ? ಪುಸ್ತಕವನ್ನು ಎದೆಗವಚಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ಬೇರೆಯೇ ರಾಜಕಾರಣ ನಡೆದಿತ್ತು. ನಾವಿದ್ದದ್ದು ಮೂರನೇ ಮಹಡಿ. ಆ ಕಾಲಕ್ಕೆ ಹೈದರಾಬಾದು ಇಡೀ ಆಂಧ್ರಪ್ರದೇಶಕ್ಕೆ ರಾಜಧಾನಿ ಖರೆ, ಆದರೆ ರಾಜಧಾನಿಯ ನೀರಿಗೆ ಮಾತ್ರ ಮೂರನೇ ಮಹಡಿ ಹತ್ತುವ ತಾಕತ್ತಿರಲಿಲ್ಲ. ದಿನ ಬಿಟ್ಟು ದಿನ ಬರುವ ನೀರು ಕೆಳಗಿನ ನಳದಲ್ಲೇ ಉಸಿರುಗಟ್ಟಿ ನಿಲ್ಲುತ್ತಿತ್ತು. ಕಸ್ತೂರಿ ಕೊಡ ಹೊತ್ತು ಹತ್ತಿ ಹತ್ತಿ ಮೊಣಕಾಲು ನೋವು ತಂದುಕೊಂಡಿದ್ದಳು. ನಾನು ತರುತ್ತಿರಲಿಲ್ಲವೇ? ತರುತ್ತಿದ್ದೆ. "ಅರ್ಧಾ ಕೊಡ ಮೆಟ್ಟಲಿಗೇ ಕುಡಿಸಿ ಬರ್ತೀರಿ. ನಿಮಗಿಂತ ಮಳಿ ಚಲೋ," ಎಂದು ಬೈಸಿಕೊಳ್ಳುತ್ತಿದ್ದೆ.

ಈಗ ಕೆಳಗಿನ ಮನೆಯವರಿಗೆ ವರ್ಗವಾಗಿ ಮನೆ ಖಾಲಿ ಬಿದ್ದಿತ್ತು. ಮುಂದೆ ಚೂರು ಜಾಗ, ಜಾಗದ ಬದಿಗೇ ನಳ! ಕಸ್ತೂರಿ ಬಂದುಹೋಗುವಾಗೆಲ್ಲ ಆ ಜಾಗದೆದುರು ನಿಂತು, ಇಲ್ಲಿ ಮೆಂತ್ಯ, ಅಲ್ಲಿ ಪುಂಡಿಪಲ್ಯ, ಆ ಮೂಲೆಗೆ ಕರಿಬೇವು ಎಂದು ಕಣ್ಣಲ್ಲೇ ಬಿತ್ತುತ್ತಿದ್ದಳು. ಆ ಮನೆಗೆ ಇನ್ನಿಬ್ಬರು ಅರ್ಜಿ ಹಾಕಿದ್ದರು. ಕ್ವಾರ್ಟರ್ಸ್ ನೋಡಿಕೊಳ್ಳಲು ಹೊಸದಾಗಿ ಬಂದ ಸಾಹೇಬರು ಅರ್ಜಿ ಹಾಕಿದವರ ಮನೆಗೆ ತಾವೇ ಬಂದು, ಕಷ್ಟ ಕಣ್ಣಾರೆ ಕಂಡು ತೀರ್ಮಾನ ಮಾಡುತ್ತಾರಂತೆ. ನಾನಂತೂ ಅವರ ಮುಖ ಇನ್ನೂ ನೋಡಿರಲಿಲ್ಲ.

"ಆ ಮನಿ ನಮಗ ಸಿಗ್ಬೇಕ್ರಿ. ಇನ್ನ ನನ್ನ ಕಾಲು ಏಳಂಗಿಲ್ಲ," ಎಂದಳು ಕಸ್ತೂರಿ. "ಸಾಹೇಬ್ರು ಬಂದಾಗ ನೀವು ಏನೂ ಮಾಡಬ್ಯಾಡ್ರಿ. ಸುಮ್ಮ ಮನುಷ್ಯಾರಂಗ ಕುಂಡ್ರಿ, ಅಷ್ಟ ಸಾಕು."

"ಅದೇನು ದೊಡ್ಡ ಮಾತು?" ಎಂದೆ. ಖರೆ ಹೇಳಬೇಕೆಂದರೆ, ಆಗ ಅದು ದೊಡ್ಡ ಮಾತು ಅನ್ನಿಸಿರಲೇ ಇಲ್ಲ.

ಪುಸ್ತಕದ ಉಪದೇಶ ಸರಳವಾಗಿತ್ತು. ಹಗಲಿನಲ್ಲಿ ಆಗಾಗ "ಇದು ಖರೆಯೋ, ಕನಸೋ?" ಎಂದು ಪರೀಕ್ಷೆ ಮಾಡುತ್ತಿರಬೇಕು. ರೂಢಿಯಾದರೆ ಕನಸಿನಲ್ಲೂ ಅದೇ ಪರೀಕ್ಷೆ ಮಾಡುತ್ತೀರಿ, ಆಗ ಸಿಕ್ಕಿಬೀಳುತ್ತದೆ ಕನಸು! ಮೊದಲನೆಯ ಪರೀಕ್ಷೆ, ಬೆರಳು ಎಣಿಸುವುದು. ಕನಸಿನಲ್ಲಿ ಬೆರಳು ಆರೋ ಏಳೋ ಕಾಣುತ್ತವಂತೆ. ಮರುದಿನ ಸಿಟಿ ಬಸ್ಸಿನಲ್ಲಿ ನಿಂತು ಅಂಗೈ ಅಗಲಿಸಿ ನೋಡಿಕೊಂಡೆ. ಕಂಡಕ್ಟರ್ ಬಂದವನೇ ಐದು ಟಿಕೆಟು ಹರಿದು ಕೈಯಲ್ಲಿಟ್ಟ. ಉಳಿದ ನಾಲ್ವರು ಎಲ್ಲಿ ಎಂದು ಇಳಿಯುವವರೆಗೂ ನನ್ನನ್ನೇ ದಿಟ್ಟಿಸುತ್ತಿದ್ದ.

ಎರಡನೆಯದು, ಮೂಗು ಹಿಡಿದು ಉಸಿರಾಡುವುದು. ಮೂಗು ಹಿಡಿದರೂ ಉಸಿರಾಟ ನಡೆದರೆ ಅದು ಕನಸು. ಈ ಪರೀಕ್ಷೆಯ ನೆನಪಾದದ್ದು ಸುಬ್ಬಾರಾಯರ ಮನೆಯ ಊಟದಲ್ಲಿ, ಅವರ ಹೆಂಡತಿ ಬಾಗಿ ನನ್ನ ಎಲೆಗೆ ಗೋಂಗೂರ, ಅಂದರೆ ನಮ್ಮ ಪುಂಡಿಪಲ್ಯದ, ಪಚ್ಚಡಿ ಬಡಿಸುವ ಹೊತ್ತಿಗೆ ಸರಿಯಾಗಿ! ಭಕ್ತಿಯಿಂದ ಮೂಗು ಹಿಡಿದೆ. ಆ ತಾಯಿಯ ಮುಖ ನೋಡಬೇಕಿತ್ತು. ಕಸ್ತೂರಿ "ಅವರಿಗೆ ನೆಗಡಿ, ನೆಗಡಿ" ಎಂದು ನನ್ನ ಪರವಾಗಿ ತಾನೇ ಸೀನಿದಳು. ಆ ಮನೆಯ ಗೋಂಗೂರ ಮುಂದೆ ಬಹಳ ದಿನ ನಮ್ಮ ಬಾಗಿಲು ದಾಟಲಿಲ್ಲ.

ಮೂರನೆಯದು, ನಿಂತಲ್ಲೇ ಜಿಗಿಯುವುದು. ಕನಸಾಗಿದ್ದರೆ ತೇಲುತ್ತೀರಿ, ಖರೆ ಇದ್ದರೆ ಬೀಳುತ್ತೀರಿ. ಸುಲ್ತಾನ್ ಬಜಾರಿನ ಗದ್ದಲದಲ್ಲಿ ಕಸ್ತೂರಿ ಒಂದು ಸೀರೆಯ ಧಾರಣೆ ಕೇಳಿದಳು. ಅಂಗಡಿಯವನು ಹೇಳಿದ. ಅದೇ ಕ್ಷಣಕ್ಕೆ ನನಗೆ ಪರೀಕ್ಷೆ ನೆನಪಾಗಿ ಠಣ್ಣನೆ ಜಿಗಿದೆ. ಅಂಗಡಿಯವನು ನನಗೆ ಸಿಟ್ಟು ಬಂತೆಂದು ಬೆಚ್ಚಿಬಿದ್ದು, "ಅರೆ ಸಾಬ್, ಇತ್ತಾ ಗುಸ್ಸಾ ನಕ್ಕೋ! ಕಮ್ ಕರ್ ದೇತೂಂ!" ಎಂದು ಕೂಡಲೇ ಧಾರಣೆ ಇಳಿಸಿಬಿಟ್ಟ. ಕಸ್ತೂರಿ ಒಂದು ಗಳಿಗೆ ನನ್ನ ಮುಖ ನೋಡಿದಳು. ನಂತರ ಕಿವಿಯಲ್ಲಿ, "ಇನ್ನೊಂದು ಸಲ ಹಾರ್ರಿ," ಎಂದಳು. ಹಾರಿದೆ. ಬ್ಲೌಸ್ ಪೀಸೂ ಬಂತು. ನನ್ನ ಸಾಧನೆಯಿಂದ ಈ ಸಂಸಾರಕ್ಕೆ ಆದ ಲಾಭ ಇಷ್ಟೇ.

ಕನಸು ಮಾತ್ರ ಬರಲಿಲ್ಲ. ಬೇಸತ್ತು ಪುಸ್ತಕದ ಕೊನೆಗೆ ಹೋದರೆ ಅಲ್ಲಿತ್ತು ಗುಟ್ಟು: ಪ್ರತಿಯೊಬ್ಬರ ಕನಸಿಗೂ ಅವರದೇ ಒಂದು ಗುರುತು ಇರುತ್ತದೆ, ಅದನ್ನು ನೀವೇ ಹುಡುಕಿಕೊಳ್ಳಿ. ಕುಳಿತು ಯೋಚಿಸಿದೆ. ನನಗೆ ನೆನಪಿದ್ದ ಕಟ್ಟಕಡೆಯ ಕನಸು ಈ ಊರಿಗೆ ಬಂದ ಹೊಸತರಲ್ಲಿ ಬಿದ್ದದ್ದು. ಅದರಲ್ಲಿ ಬಸ್ ಕಂಡಕ್ಟರ್ ನನಗೆ "ಎಲ್ಲಿಗಿ ಹೊಂಟೀರಿ ಕಾಕಾ?" ಎಂದು ಕೇಳಿದ್ದ. ಇರಾನಿ ಹೋಟೆಲಿನವನು "ಚಾ ತಗೋರಿ, ಆರ್ತದ," ಎಂದಿದ್ದ. ಹೌದಲ್ಲ! ನನ್ನ ಕನಸಿನಲ್ಲಿ ಎಲ್ಲರೂ ಮಾತಾಡುವುದು ಕನ್ನಡ! ಖರೆಯ ಹೈದರಾಬಾದಿನಲ್ಲಿ ಹೊಸ್ತಿಲು ದಾಟಿದರೆ ನನ್ನ ಕನ್ನಡ ಕೇಳುವವರಾರು? ಕಾರ್ಖಾನೆಯಲ್ಲಿ ಹಿಂದಿ, ಕಾಯಿಪಲ್ಯೆಗೆ ತೆಲುಗು, ಆಟೋಕ್ಕೆ ದಖನಿ ಉರ್ದು. ಕಾಲೊನಿಯಲ್ಲಿ ನಮ್ಮ ಕಡೆಯವರು ಕೆಲವರಿದ್ದರು, ಅವರ ಮುಖ ನನಗೆ ಗೊತ್ತು. ಆದ್ದರಿಂದ ಸಿದ್ಧಾಂತ ಇಷ್ಟು: ಗುರುತಿಲ್ಲದ ಮನುಷ್ಯ ನನ್ನೆದುರು ಕನ್ನಡ ಮಾತಾಡಿದರೆ ಅದು ನಿಸ್ಸಂದೇಹವಾಗಿ ಕನಸು.

ಸಿದ್ಧಾಂತ ಸಿಕ್ಕ ಆದಿತ್ಯವಾರ ಕಸ್ತೂರಿ ಹೋಳಿಗೆ ಮಾಡಿದ್ದಳು. ಮೇಲೆ ತುಪ್ಪ ಸುರಿದುಕೊಂಡು ಹೊಡೆದು, ಪಡಸಾಲೆಯ ಮಂಚದ ಮೇಲೆ ಲುಂಗಿ ಬನಿಯನ್ನಿನಲ್ಲಿ ಅಡ್ಡಾದೆ. ಕನ್ನಡಕ ತೆಗೆದು ಕಿಟಕಿಯಲ್ಲಿಟ್ಟೆ. "ನೋಡು, ಇವತ್ತು ಕನಸು ಖಾತ್ರಿ. ಯಾರೇ ಬಂದ್ರೂ ನನ್ನ ಎಬ್ಬಿಸಬ್ಯಾಡ," ಎಂದು ತಾಕೀತು ಮಾಡಿ ಕಣ್ಣು ಮುಚ್ಚಿದೆ. ಅವಳು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದು ಮದುವೆಯಾದಾಗಿನಿಂದ ಅದೊಂದೇ ಸಲ.

ಎಷ್ಟು ಹೊತ್ತಾಯಿತೋ, ಕಿವಿಗೆ ಮಾತು ಬಿತ್ತು.

"ಅಕ್ಕೋರೇ, ಭಾಳ ದಿನಾ ಆಗಿತ್ತು ನೋಡ್ರಿ ಇಂಥ ಹೋಳಿಗಿ ತಿಂದು. ತುಪ್ಪ ಕೈ ಬಿಟ್ಟು ಹಾಕ್ರಿ, ನಾಚಬ್ಯಾಡ್ರಿ!"

ಕಣ್ಣು ಬಿಟ್ಟೆ. ನನ್ನ ಕುರ್ಚಿಯಲ್ಲಿ ಒಬ್ಬ ಎತ್ತರದ ಸರ್ದಾರ್ಜಿ ಕುಳಿತಿದ್ದರು! ಕಡುಗೆಂಪು ಪಗಡಿ, ಎದೆ ತುಂಬ ಬೆಳ್ಳನೆಯ ದಾಡಿ, ತೊಡೆಯ ಮೇಲೆ ನಮ್ಮ ಮನೆಯ ತಾಟು. ಮಾತು ನಮ್ಮ ಸೋದರತ್ತೆಯದು!

ಆದರೂ ನಾನು ಶಾಸ್ತ್ರ ಬಿಡುವವನಲ್ಲ. ಕೈ ಎತ್ತಿ ಬೆರಳು ಎಣಿಸಿದೆ. ಕನ್ನಡಕ ಇಲ್ಲದ ಕಣ್ಣಿಗೆ ಮಸುಕು ಮಸುಕಾಗಿ ಆರು ಕಂಡವು, ಮತ್ತೆ ಎಣಿಸಿದರೆ ಏಳು! ಗೋಡೆಯ ಕ್ಯಾಲೆಂಡರಿನ ಅಕ್ಷರಗಳು ಹುಳದಂತೆ ಹರಿದಾಡುತ್ತಿದ್ದವು. ಇನ್ನೇನು ಬೇಕು? ಬಂತು! ಇಷ್ಟು ವರ್ಷದ ಮೇಲೆ ನನ್ನ ಕನಸು ನನ್ನ ಮನೆಗೆ ಬಂತು! ಖರೆ ಹೇಳುತ್ತೇನೆ, ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು.

ಕನಸಿನಲ್ಲಿ ಎಚ್ಚರಾದಾಗ ಕನಸು ಒಡೆಯದಂತೆ ಅಂಗೈ ಉಜ್ಜಬೇಕು, ನಿಂತಲ್ಲೇ ಗರಗರ ತಿರುಗಬೇಕು ಎಂದು ಪುಸ್ತಕದಲ್ಲಿತ್ತು. ಮಂಚದಿಂದ ಜಿಗಿದು ಕೈ ಉಜ್ಜುತ್ತ ಪಡಸಾಲೆಯ ನಡುವೆ ಬುಗುರಿಯ ಹಾಗೆ ತಿರುಗಿದೆ.

"ಇವರಿಗೇನಾಯ್ತರೀ?" ಎಂದರು ಸರ್ದಾರ್ಜಿ.

"ಅದು... ಊಟ ಆದ ಮ್ಯಾಲ ಹಿಂಗ ವ್ಯಾಯಾಮ ಮಾಡ್ತಾರ್ರಿ," ಎಂದಳು ಕಸ್ತೂರಿ. ನನ್ನತ್ತ ತಿರುಗಿ ಹಲ್ಲು ಕಚ್ಚಿ, "ಏನ್ರೀ ಇದು! ಸಾಹೇಬ್ರು ಬಂದಾರ!" ಎಂದಳು.

"ಯಾವ ಸಾಹೇಬ್ರು?" ನಾನು ನಕ್ಕೆ. "ಇವರು ಖರೆ ಇಲ್ಲ. ಇವರನ್ನ ಹುಟ್ಟಿಸಿದವ ನಾನು. ನಿನ್ನನ್ನೂ ನಾನೇ ಹುಟ್ಟಿಸೀನಿ, ಆದ್ರ ನಿನ್ನ ಮೊಣಕಾಲು ಒಂದು ತಪ್ಪಿ ಹುಟ್ಟಿಸೀನಿ." ಸರ್ದಾರ್ಜಿಯ ಕಡೆ ಬೆರಳು ಮಾಡಿ, "ನಾ ಈಗ ಕಣ್ಣು ಮುಚ್ಚಿ ತೆಗದ್ರ ನೀವು ಇರಂಗಿಲ್ಲ, ಗೊತ್ತದೇನು?" ಎಂದೆ.

ಸರ್ದಾರ್ಜಿ ತಾಟು ಗಟ್ಟಿ ಹಿಡಿದುಕೊಂಡರು. ನಾನು ಅದರಿಂದಲೇ ಒಂದು ಹೋಳಿಗೆ ಎತ್ತಿ ಬಾಯಿಗಿಟ್ಟೆ. ನನ್ನ ಕನಸು, ನನ್ನ ಹೋಳಿಗೆ! ಏಲಕ್ಕಿಯ ವಾಸನೆ ಸಮೇತ ಬಂದಿತ್ತು. ಕನಸಿನ ಗುಣಮಟ್ಟ ಇಷ್ಟು ಸುಧಾರಿಸಿದೆಯಲ್ಲ ಎಂದು ಹೆಮ್ಮೆಯಾಯಿತು.

"ಆ ಕ್ವಾರ್ಟರ್ಸ್ ಸಾಹೇಬ ನನ್ನ ಕನಸಿನಾಗ ಬರ್ಲಿ," ಎಂದೆ ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು. "ಅವನ ತಲಿ ಮ್ಯಾಲ ಒಂದು ಕೊಡ ಇಟ್ಟು ಮೂರು ಮಹಡಿ ಹತ್ತಿಸ್ತೀನಿ. ಆಗ ತಿಳೀತದ ನನ್ನ ಹೆಂಡ್ತಿ ಕಾಲು ನೋವು ಎಂಥಾದ್ದು!"

ಹಾರುವುದೊಂದು ಬಾಕಿ ಇತ್ತು. ಬಾಲ್ಕನಿಗೆ ಹೋಗಿ ಸ್ಟೂಲಿನ ಮೇಲೆ ನಿಂತು ಎರಡೂ ಕೈ ಚಾಚಿದೆ. ದೂರದಲ್ಲಿ ಬಂಡೆಗಲ್ಲಿನ ಗುಡ್ಡಗಳು, ಮೇಲೆ ತಿಳಿ ಆಕಾಶ. "ನಾ ಹೊಂಟೆ!" ಎಂದು ಕೂಗಿ ಇನ್ನೇನು ಕಾಲೆತ್ತಬೇಕು, ಸರ್ದಾರ್ಜಿ ತಾಟು ಬಿಸಾಕಿ ಓಡಿ ಬಂದು ನನ್ನ ಲುಂಗಿ ಹಿಡಿದು ಜಗ್ಗಿದರು. ಲುಂಗಿ ಅವರ ಕೈಗೆ ಬಂತು. ನಾನು ಬರಲಿಲ್ಲ!

ಅವರು ಲುಂಗಿ ಚೆಲ್ಲಿ ಸೊಂಟಕ್ಕೇ ಕೈ ಹಾಕಿದರು. ಅಷ್ಟರಲ್ಲಿ ಹಿಂದಿನಿಂದ ಕಸ್ತೂರಿ ಬಂದಳು. ಮೂರು ಮಹಡಿ ಹೊತ್ತು ತಂದಿಟ್ಟಿದ್ದ ತುಂಬಿದ ಕೊಡವನ್ನು ಎತ್ತಿ ನನ್ನ ತಲೆಯ ಮೇಲೆ ಸುರಿದಳು. ತಣ್ಣೀರು ಬೆನ್ನಿಗಿಳಿದಾಗ ನನಗೆ ಮೊದಲ ಸಂಶಯ ಬಂತು. ಕನಸಿನ ನೀರು ಇಷ್ಟು ತಂಪಿರುವುದುಂಟೇ? ಮೂಗು ಹಿಡಿದು ನೋಡಿದೆ. ಉಸಿರು ನಿಂತಿತು.

ಖರೆ!

ಪಕ್ಕದ ಬಾಲ್ಕನಿಯಿಂದ ಸುಬ್ಬಾರಾಯರು ಇಣುಕಿದರು. ಪಟ್ಟಾಪಟ್ಟಿ ಚಡ್ಡಿಯಲ್ಲಿ ಸ್ಟೂಲಿನ ಮೇಲೆ ಕೈ ಚಾಚಿ ನೀರು ಸುರಿಸುತ್ತ ನಿಂತ ನಾನು, ನನ್ನ ಸೊಂಟ ತಬ್ಬಿದ ಸರ್ದಾರ್ಜಿ, ಖಾಲಿ ಕೊಡ ಹಿಡಿದ ಕಸ್ತೂರಿ. ಪಾಪ, ಅವರು ಕಣ್ಣುಜ್ಜಿಕೊಂಡು "ಇದಿ ಕಲಾ?" ಎಂದು ತಮ್ಮನ್ನು ತಾವೇ ಕೇಳಿಕೊಂಡರು. ಕನಸೇ ಇರಬೇಕು ಎಂದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಟವೆಲ್ಲು ಸುತ್ತಿಕೊಂಡು, ಕನ್ನಡಕ ಹಾಕಿಕೊಂಡು, ನೆಲ ನೋಡುತ್ತ ಎಲ್ಲವನ್ನೂ ಒಪ್ಪಿಸಿದೆ. ಪುಸ್ತಕ, ಬೆರಳು, ಮೂಗು, ಕನ್ನಡದ ಸಿದ್ಧಾಂತ, ಏನೂ ಮುಚ್ಚಿಡಲಿಲ್ಲ.

"ನಾ ಹುಟ್ಟಿ ಬೆಳದದ್ದು ಬೀದರದಾಗ್ರಿ. ಗುರುದ್ವಾರದ ಬಾಜೂಕ ನಮ್ಮ ಮನಿ," ಎಂದರು ಸಾಹೇಬರು. "ಕನ್ನಡ ಸಾಲ್ಯಾಗ ಕಲತೀನಿ. ನೌಕರಿ ಊರೂರು ತಿರಗಿಸ್ತು, ಮಾತು ಬಾಯಾಗ ತುಕ್ಕು ಹಿಡೀತು. ನಿಮ್ಮ ಅರ್ಜಿಯಾಗ ಹುಮನಾಬಾದ್ ಅಂತ ಓದಿದೆ. ಸೋಮವಾರ ಬರೂದಿತ್ತು, ತಡೀಲಿಕ್ಕಾಗಲಿಲ್ಲ. ಇವತ್ತ ಬಂದುಬಿಟ್ಟೆ, ನಾಲ್ಕು ಮಾತು ಆಡಿ ಹೋಗೂಣು ಅಂತ." ದಾಡಿ ಸವರಿಕೊಂಡು ಮೆಲ್ಲಗೆ, "ನನಗೂ ಕನಸು ಬೀಳೂದು ಕನ್ನಡದಾಗೇ ನೋಡ್ರಿ," ಎಂದರು. ನನಗೆ ಆ ಮನುಷ್ಯನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಆದರೆ ಆವತ್ತಿಗೆ ತಬ್ಬಿದ್ದು ಸಾಕಾಗಿತ್ತು.

ಅವರು ಹೋದ ಮೇಲೆ ಕಸ್ತೂರಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಚದುರಿದ ಹೋಳಿಗೆ ಬಳಿದು, ನೆಲ ಒರೆಸಿ, ಖಾಲಿ ಕೊಡ ಎತ್ತಿಕೊಂಡು, "ಹೋಯ್ತು ನನ್ನ ಮೆಂತ್ಯಪಲ್ಯ," ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು. ಒಂದೊಂದು ಮೆಟ್ಟಿಲಿಗೂ ಗೋಡೆ ಹಿಡಿದು ಇಳಿಯುವುದು ಮೇಲಿನಿಂದ ಕಾಣುತ್ತಿತ್ತು. ಓಡಿಹೋಗಿ ಕೊಡ ಕಸಿದುಕೊಂಡೆ. ಆ ವಾರವೆಲ್ಲ ನೀರು ನಾನೇ ತಂದೆ. ಪುಸ್ತಕವನ್ನು ರದ್ದಿಯವನಿಗೆ ಕೊಟ್ಟೆ.

ಆಮೇಲೊಂದು ದಿನ ಕಾರ್ಖಾನೆಯ ಅಂಗಳದಲ್ಲಿ ಸಾಹೇಬರು ನನ್ನನ್ನು ನಿಲ್ಲಿಸಿದರು. ಸುತ್ತ ಎಲ್ಲರೂ ಇದ್ದರು. ದೊಡ್ಡ ದನಿಯಲ್ಲಿ ಕನ್ನಡದಲ್ಲೇ ಹೇಳಿದರು. "ಕೆಳಗಿನ ಮನಿ ನಿಮಗೇ ಬರದೀನಿ. ಮೊಣಕಾಲಿನ ಸಲುವಾಗಿ ಅಂತ ತಿಳೀಬ್ಯಾಡ್ರಿ, ಕಾಲು ನೋವು ಮೂರೂ ಅರ್ಜಿಯಾಗ ಅದ. ಆದ್ರ ಹಾರೂ ಮನುಷ್ಯಾ ನೀವೊಬ್ಬರೇ! ನಿಮ್ಮನ್ನ ಮ್ಯಾಲ ಇಡೂದು ನನ್ನ ನೌಕರಿಗೆ ಧೋಕಾ!"

ಹೀಗೆ, ಕಾರ್ಯಾಲಯದ ಘನ ಅಭಿಪ್ರಾಯದಲ್ಲಿ ಎತ್ತರದಲ್ಲಿಡಲು ಯೋಗ್ಯನಲ್ಲದ ಏಕೈಕ ನೌಕರನೆಂದು ಸಾಬೀತಾಗಿ ನಾನು ನೆಲಕ್ಕಿಳಿದೆ. ಮೆಂತ್ಯ ಎದ್ದಿತು, ಪುಂಡಿಪಲ್ಯ ಎದ್ದಿತು. ಕಸ್ತೂರಿ ಗೋಂಗೂರ ಎಂದು ಅದನ್ನೇ ಸುಬ್ಬಾರಾಯರ ಮನೆಗೆ ಕಳಿಸಿ ಸಂಧಾನ ಮಾಡಿಕೊಂಡಳು. ಆದಿತ್ಯವಾರ ಸಾಹೇಬರು ಹರಟೆಗೆ ಬರುತ್ತಿದ್ದರು. ಬಂದವರು ಮೊದಲು ತಮ್ಮ ತಾಟನ್ನು ನನ್ನಿಂದ ದೂರ ಇಟ್ಟುಕೊಳ್ಳುತ್ತಿದ್ದರು.

ಮತ್ತೆ ಕನಸು? ಬಂತು! ಹೊಸ ಮನೆಯಲ್ಲಿ, ಒಂದು ಮಧ್ಯಾಹ್ನ, ನಾನು ಕರೆಯದೇ ಬಂತು. ಬಸ್ಸಿನಲ್ಲಿದ್ದೆ. ಕಂಡಕ್ಟರ್ ಬಂದು "ಎಲ್ಲಿಗಿ ಹೊಂಟೀರಿ ಕಾಕಾ?" ಎಂದ. ಈ ಸಲ ಅವಸರ ಮಾಡಲಿಲ್ಲ. ಮೂಗು ಹಿಡಿದೆ, ಉಸಿರು ಸಲೀಸಾಗಿ ಬಂತು! ಬಸ್ಸಿನಿಂದಿಳಿದು ಜಿಗಿದೆ, ತೇಲಿದೆ! ಇಡೀ ಹೈದರಾಬಾದು ನನ್ನ ಕಾಲ ಕೆಳಗೆ. ಎಲ್ಲಿಗೆ ಬೇಕಾದರೂ ಹೋಗಬಹುದು, ಏನು ಬೇಕಾದರೂ ಮಾಡಬಹುದು, ಕೇಳುವವರಾರು?

"ಏನ್ರೀ!" ಕೆಳಗಿನಿಂದ ದನಿ ಬಂತು. ಹಳೆಯ ಮನೆಯ ಮೆಟ್ಟಿಲ ಬುಡದಲ್ಲಿ ಕಸ್ತೂರಿ ಕೊಡ ಹಿಡಿದು ನಿಂತಿದ್ದಳು. "ಮ್ಯಾಲೆಲ್ಲಿಗಿ ಹೊಂಟೀರಿ? ನೀರು ಬಂದಾವ, ಇಳೀರಿ!"

"ಇದು ಕನಸು ಕಸ್ತೂರಿ! ನಾನು ರಾಜ!"

"ಕನಸಿದ್ರ ನೀರು ಬ್ಯಾಡೇನು?"

ಇಳಿದೆ. ಕನಸೆಂದು ಗೊತ್ತಿದ್ದೂ ಇಳಿದೆ. ನಾನೇ ಹುಟ್ಟಿಸಿದ ಲೋಕದಲ್ಲಿ, ನಾನೇ ಹುಟ್ಟಿಸಿದ ಮೂರು ಮಹಡಿಗಳನ್ನು ಕೊಡ ಹೊತ್ತು ಹತ್ತಿದೆ. ಹಾರಿಕೊಂಡು ಹೋಗಬಹುದಿತ್ತು ಎಂಬುದು ಎಚ್ಚರಾದ ಮೇಲೆ ಹೊಳೆಯಿತು!

ಎದ್ದು ಎಲ್ಲವನ್ನೂ ಕಸ್ತೂರಿಗೆ ಹೇಳಿದೆ. ಅವಳು ಮೆಂತ್ಯ ಸೋಸುತ್ತ ಕುಳಿತಿದ್ದಳು. ಮುಖದಲ್ಲಿ ಬಹಳ ಸಮಾಧಾನ ಕಂಡಿತು.

"ತುಂಬಿದ ಕೊಡ ತಂದ್ರಿ ಹೌದಿಲ್ಲೋ?" ಎಂದಳು.

ನಾನು ಸುಳ್ಳು ಹೇಳಬಹುದಿತ್ತು. ಕನಸು ನನ್ನದು, ನೋಡಿದವರು ಯಾರೂ ಇರಲಿಲ್ಲ.

"ಅರ್ಧಾ ಚೆಲ್ಲಿತು," ಎಂದೆ.